ಕ್ಯಾಮೆರಾದೊಳಗಿನ ಶ್ರೀಕಾರ

ಫೋಟೋ ಸ್ಟುಡಿಯೋಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸಕ್ಕೆ ಈಗ ಹುಡುಗಿಯರೇ ಹೆಚ್ಚಾಗಿ ಬರುತ್ತಿದ್ದಾರೆ. ಅವರಲ್ಲಿ ಕೆಲವರು ಯಾರನ್ನೋ ಕೇಳಿಕೊಂಡು ಬಸವೇಶ್ವರನಗರದ ನನ್ನ ಮನೆಗೂ ಬಂದಿದ್ದರು. "ಆಂಟಿ, ಇಷ್ಟು ವರ್ಷ ಇದೇ ಫೀಲ್ಡಲ್ಲಿ ಇದ್ರಿ, ಏನಾದ್ರೂ ಟಿಪ್ಸ್ ಹೇಳಿ" ಅಂದರು. ಕಾಫಿ ಕೊಟ್ಟು, ಅದೂ ಇದೂ ಮಾತಾಡಿ ಕಳಿಸಿದೆ. ಬಾಯಿಬಿಟ್ಟು ಹೇಳಲು ಹೊರಟರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಆಮೇಲೆ ಹೇಳಬೇಕಾದದ್ದೇ ಬಿಟ್ಟುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮದುವೆಯಲ್ಲಿ ಫೋಟೋ ತೆಗೆಯುವವನನ್ನು ಎಲ್ಲರೂ ನೋಡಿರುತ್ತಾರೆ. ಅವನಿಗೆ ಊಟದ ಪಂಕ್ತಿಯಲ್ಲಿ ಮೊದಲ ಎಲೆ. ಅವನು ತೆಗೆದದ್ದನ್ನು ಕ್ಯಾಮೆರಾದಿಂದ ಕಂಪ್ಯೂಟರಿಗೆ ತಂದು, ಆರಿಸಿ, ಬಣ್ಣ ಸರಿಮಾಡಿ, ಆಲ್ಬಮ್ಮಿಗೆ ಜೋಡಿಸುವವಳನ್ನು ಯಾರೂ ನೋಡಿರುವುದಿಲ್ಲ. ನಾನು ಅವಳು. ಕ್ಯಾಮೆರಾದಿಂದ ತರುವುದಕ್ಕೆ ನಮ್ಮಲ್ಲಿ 'ಇಳಿಸುವುದು' ಅನ್ನುತ್ತಿದ್ದೆವು. ಬಡ್ತಿಯ ವಿಷಯ ಬರೆಯೋಣವೆಂದರೆ ನಮ್ಮ ಕೆಲಸದಲ್ಲಿ ಬಡ್ತಿಯೇ ಇರಲಿಲ್ಲ. ಕುರ್ಚಿ ಮುರಿದಾಗ ಹೊಸ ಕುರ್ಚಿ ಬರುತ್ತಿತ್ತು, ಅಷ್ಟೆ.

ಸ್ಟುಡಿಯೋ ಇದ್ದದ್ದು ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ. ಮಾಲೀಕರು ರುದ್ರಪ್ಪನವರು. ಚಿತ್ರದುರ್ಗದ ಕಡೆಯವರು, ದೈವಭಕ್ತರು. ಹಣೆಯ ಮೇಲೆ ವಿಭೂತಿ ಇಲ್ಲದ ದಿನ ನಾನು ಅವರನ್ನು ನೋಡಿಲ್ಲ. ನಮ್ಮ ಮನೆಯವರ ಕೆಲಸ ಹೋಗಿ, ಸಂಸಾರ ಹೇಗಪ್ಪಾ ಅಂತ ಕೂತಿದ್ದಾಗ ನನ್ನನ್ನು ಕರೆದು ಕೆಲಸ ಕೊಟ್ಟವರು ಅವರೇ. ಆಗಿನ್ನೂ ರೀಲಿನ ಕಾಲ. ಬೆರಳಿಗೆ ಬಟ್ಟೆ ಕಟ್ಟಿಕೊಂಡು ನೆಗೆಟಿವ್ ಕತ್ತರಿಸಿ ಕವರಿಗೆ ಹಾಕುವುದು ನನ್ನ ಪಾಲಿನ ಕೆಲಸ. ಮದುವೆಯ ನೆಗೆಟಿವ್ ಆದರೆ ಕವರಿನ ಮೇಲೆ ಮೊದಲು ಅರಿಶಿನದಲ್ಲಿ 'ಶ್ರೀ' ಬರೆಯಬೇಕು. ಅದನ್ನು ಬರೆಯದೆ ಒಂದು ತುಂಡನ್ನೂ ಒಳಗೆ ಹಾಕುವಂತಿರಲಿಲ್ಲ. ಅದು ಅವರ ಅಪ್ಪನ ಕಾಲದಿಂದ ಬಂದ ಪದ್ಧತಿ. ನನಗೂ ಅದರಲ್ಲಿ ತಕರಾರಿರಲಿಲ್ಲ, ಯಾರದೋ ಬದುಕಿನ ದೊಡ್ಡ ದಿನ, ಒಂದು ಶ್ರೀಕಾರ ಹಾಕಿದರೆ ಏನು ಹೋಗುತ್ತದೆ ಅಂದುಕೊಳ್ಳುತ್ತಿದ್ದೆ.

ಆಮೇಲೆ ಡಿಜಿಟಲ್ ಕ್ಯಾಮೆರಾ ಬಂತು, ಕಂಪ್ಯೂಟರ್ ಬಂತು. ಶುರುವಿನಲ್ಲಿ ಕ್ಯಾಮೆರಾದಿಂದ ಫೋಟೋ ತುಂಬಿದ ಕಾರ್ಡನ್ನು ಹೊರಗೆ ತೆಗೆದು ರೀಡರಿಗೆ ಹಾಕಿ ಇಳಿಸುತ್ತಿದ್ದೆವು. ಒಂದು ಸಲ ರೀಡರಿನ ಸೂಜಿಯಂಥ ಪಿನ್ನು ಬಾಗಿ ಕಾರ್ಡು ಹಾಳಾಯಿತು. ಅಂದಿನಿಂದ ರುದ್ರಪ್ಪನವರು ಕಾರ್ಡನ್ನು ಕ್ಯಾಮೆರಾದಿಂದ ಹೊರಗೆ ತೆಗೆಯುವುದನ್ನೇ ನಿಲ್ಲಿಸಿದರು. ಕ್ಯಾಮೆರಾಗೇ ಕೇಬಲ್ ಚುಚ್ಚಿ ಇಳಿಸಬೇಕು. ಹೊಸ ಹುಡುಗಿಯರೇ, ನೀವು ಗಮನವಿಟ್ಟು ಓದಬೇಕಾದ ಜಾಗ ಇದು.

ಕೇಬಲ್ ಚುಚ್ಚಿದರೆ ಆಗಿನ ನಮ್ಮ ಕ್ಯಾಮೆರಾ ಕಂಪ್ಯೂಟರಿನಲ್ಲಿ ಇನ್ನೊಂದು ಡ್ರೈವಿನ ಹಾಗೆ ಬಂದು ಕೂರುತ್ತಿತ್ತು. ತೆರೆದರೆ ಫೋಲ್ಡರು, ಅದರೊಳಗೆ ಫೋಟೋ. ಕಂಪ್ಯೂಟರಿನ ಸ್ವಂತ ಫೋಲ್ಡರೂ ನೋಡಲು ಹಾಗೇ ಇರುತ್ತದೆ. ಅದೇ ಹಳದಿ ಬಣ್ಣ, ತೆರೆಯ ಮೇಲೆ ಅದೇ ಕಿಟಕಿ. ಆದರೆ ಅದು ಕ್ಯಾಮೆರಾದ ಮನೆ. ನೆಂಟರ ಅಡುಗೆಮನೆಗೆ ಹೋದರೆ ಡಬ್ಬ ತೆರೆದು ನೋಡಬಹುದು, ಬೇಕಾದ್ದು ತೆಗೆದುಕೊಳ್ಳಬಹುದು, ಜಾಗ ಮಾತ್ರ ಬದಲಾಯಿಸಬಾರದು. ಕ್ಯಾಮೆರಾ ತನ್ನ ಫೋಲ್ಡರನ್ನು ಹೆಸರಿನಿಂದ ಹುಡುಕುತ್ತದೆ. ಆ ಹೆಸರನ್ನು ನೀವು ಬದಲಾಯಿಸಿದರೆ ಫೋಟೋ ಎಲ್ಲ ಒಳಗೇ ಇದ್ದರೂ 'ಏನೂ ಇಲ್ಲ' ಅನ್ನುತ್ತದೆ. ಇನ್ನೊಂದು, ಕಿಟಕಿಯಲ್ಲಿ ಫೋಟೋ ಕಾಣಿಸಿದ ಮಾತ್ರಕ್ಕೆ ಅದು ಕಂಪ್ಯೂಟರಿಗೆ ಬಂತು ಅಂತ ಅಲ್ಲ. ಕೇಬಲ್ ಕಿತ್ತರೆ ಅದರ ಜೊತೆಗೆ ಅದೂ ಹೋಯಿತು. ಬಾಪೂಜಿನಗರದ ಒಂದು ಸ್ಟುಡಿಯೋದವರು ಕಾಪಿ ಮಾಡುವ ಬದಲು ಕಟ್ ಮಾಡಿ, ನಡುವೆ ಕ್ಯಾಮೆರಾದ ಬ್ಯಾಟರಿ ಹೋಗಿ, ಒಂದು ನಾಮಕರಣದ ಅರ್ಧ ಫೋಟೋಗಳನ್ನು ಅಲ್ಲೂ ಇಲ್ಲ ಇಲ್ಲೂ ಇಲ್ಲ ಮಾಡಿಕೊಂಡಿದ್ದರು. ಹಾಗಾಗಿ ನಾನು ಮೊದಲು ಕಂಪ್ಯೂಟರಿನಲ್ಲಿ 'ಶ್ರೀ' ಅಂತ ಒಂದು ಫೋಲ್ಡರ್ ಮಾಡಿ, ಅದಕ್ಕೆ ಫೋಟೋಗಳನ್ನು ಕಾಪಿ ಮಾಡಿ, ಎಲ್ಲ ತೆರೆಯುತ್ತಿವೆಯೇ ಅಂತ ನೋಡಿ, ಆಮೇಲಷ್ಟೇ ಕೇಬಲ್ ತೆಗೆಯುತ್ತಿದ್ದೆ. ರುದ್ರಪ್ಪನವರು ಹಿಂದೆ ನಿಂತು ಶ್ರೀಕಾರ ಬಿತ್ತೇ ಅಂತ ನೋಡಿಕೊಂಡು ಹೋಗುತ್ತಿದ್ದರು.

ನಮ್ಮ ಬೀದಿಯಲ್ಲಿ ಗಿರಿಜಕ್ಕ ಅಂತ ಇದ್ದಾರೆ. ನನಗಿಂತ ದೊಡ್ಡವರು. ಗಂಡ ತೀರಿಕೊಂಡ ಮೇಲೆ ಹಪ್ಪಳ ಸಂಡಿಗೆ ಮಾಡಿ ಮಾರಿ ಮಗಳು ಸುಮಾಳನ್ನು ಓದಿಸಿದವರು. ಸಂಜೆಯಾದರೆ ನಾನು ಅವರ ಮನೆಯಲ್ಲಿ, ಇಲ್ಲ ಅವರು ನಮ್ಮ ಮನೆಯಲ್ಲಿ. ಸುಮಾಳ ಮದುವೆ ಗೊತ್ತಾದಾಗ ಫೋಟೋಗೆ ನಮ್ಮ ಸ್ಟುಡಿಯೋಗೇ ಕೊಡಿ ಅಂತ ಹೇಳಿದ್ದು ನಾನು.

ಆ ಮದುವೆಯಲ್ಲಿ ಒಂದು ಜಗಳವಿತ್ತು. ಗಂಡನಿಲ್ಲದವರು ಧಾರೆಗೆ ಕೂರಬಾರದು, ಮೈದುನ ಕೂರಲಿ ಅಂತ ಗಿರಿಜಕ್ಕನ ಗಂಡನ ಕಡೆಯವರು ಹಠ ಹಿಡಿದರು. "ಹೆತ್ತೋಳು ನಾನು, ಸಾಕಿದೋಳು ನಾನು. ಎರೆಯೋಳೂ ನಾನೇ" ಅಂದರು ಗಿರಿಜಕ್ಕ. ಹಿಂದಿನ ದಿನ ನನ್ನ ಹತ್ತಿರ ಬಂದು, "ಶಾರದಾ, ಮಿಕ್ಕಿದ್ದು ಹೇಗಾದ್ರೂ ಬರ್ಲಿ. ನಾನು ಧಾರೆ ಎರೆಯೋದು ಮಾತ್ರ ಚೆನ್ನಾಗಿ ತೆಗೆಸು. ಅದನ್ನ ಗೋಡೆಗೆ ಹಾಕ್ತೀನಿ, ನೋಡ್ಲಿ ಎಲ್ರೂ" ಅಂದರು. ನಮ್ಮ ಫೋಟೋಗ್ರಾಫರ್ ಮುನಿರಾಜು, ಸುಂಕದಕಟ್ಟೆಯವನು. ಅವನಿಗೆ ನಾನು ಮತ್ತೆ ಮತ್ತೆ ಹೇಳಿ ಕಳಿಸಿದೆ.

ವಿಜಯನಗರದ ಛತ್ರದಲ್ಲಿ ಬೆಳಿಗ್ಗೆ ಮುಹೂರ್ತ. ಗಿರಿಜಕ್ಕ ಹಸಿರು ರೇಷ್ಮೆ ಸೀರೆಯುಟ್ಟು ಬಂದು ಧಾರೆಗೆ ಕೂತರು. ನೋಡುತ್ತಿದ್ದ ನನಗೇ ಕಣ್ಣು ತುಂಬಿತು. ಮುನಿರಾಜು ಚೆನ್ನಾಗಿ ತೆಗೆದ, ಕ್ಯಾಮೆರಾದ ಹಿಂಬದಿಯಲ್ಲಿ ನನಗೆ ತೋರಿಸಿದ ಕೂಡ. ನಮ್ಮ ಸ್ಟುಡಿಯೋದ ಒಂದು ಹೆಚ್ಚುಗಾರಿಕೆ ಏನೆಂದರೆ, ಮುಹೂರ್ತದ ಒಂದು ಫೋಟೋವನ್ನು ದೊಡ್ಡದು ಮಾಡಿ, ಕಟ್ಟು ಹಾಕಿ, ಅದೇ ಸಂಜೆ ಆರತಕ್ಷತೆಯ ಬಾಗಿಲಲ್ಲಿ ಇಡುತ್ತಿದ್ದೆವು. ಅದಕ್ಕಾಗಿ ಮುನಿರಾಜು ಕ್ಯಾಮೆರಾ ತೆಗೆದುಕೊಂಡು ರಾಜಾಜಿನಗರಕ್ಕೆ ಓಡಿದ. ನಾನು ಅರ್ಧ ದಿನ ರಜೆ ಹಾಕಿದ್ದೆ, ಊಟಕ್ಕೆ ಉಳಿದೆ.

ಸ್ಟುಡಿಯೋದಲ್ಲಿ ರುದ್ರಪ್ಪನವರು ತಾವೇ ನನ್ನ ಕುರ್ಚಿಯಲ್ಲಿ ಕೂತರು. ಕೇಬಲ್ ಚುಚ್ಚಿದರು, ಕಿಟಕಿ ತೆರೆಯಿತು. ಅಲ್ಲಿ ಕಂಡ ಫೋಲ್ಡರಿಗೆ ಏನೋ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಹೆಸರು. ಶುಭಕಾರ್ಯದ ಫೋಟೋಗೆ ಇಂಥ ಹೆಸರೇ ಅಂತ ಅದನ್ನು ಅಳಿಸಿ, ಇಂಗ್ಲಿಷಿನಲ್ಲೇ 'ಶ್ರೀ' ಅಂತ ಹಾಕಿದರು. ಅದು ಕ್ಯಾಮೆರಾದ ಸ್ವಂತ ಫೋಲ್ಡರು. ಅದರಲ್ಲಿ ಹೆಣ್ಣುಗಂಡು ಹಾರ ಹಾಕಿಕೊಂಡು ನಿಂತ ಒಂದನ್ನು ಆರಿಸಿ, ಅಲ್ಲಿಂದಲೇ ಪ್ರಿಂಟು ಕೊಟ್ಟರು. ಮಿಕ್ಕವೆಲ್ಲ ಕಿಟಕಿಯಲ್ಲಿ ಸಾಲಾಗಿ ಕಾಣುತ್ತಿದ್ದವಲ್ಲ, ಇಳಿದಾಯಿತು ಅಂದುಕೊಂಡರು. ಕೇಬಲ್ ಕಿತ್ತು ಕ್ಯಾಮೆರಾ ವಾಪಸು ಕೊಟ್ಟು, "ಎಲ್ಲಾ ಇಳ್ದಿದೆ ಕಣೋ, ಸಂಜೆದು ನೋಡ್ಕೋ ಹೋಗು" ಅಂದರಂತೆ.

ಮುನಿರಾಜು ಕ್ಯಾಮೆರಾ ಹಾಕಿ ನೋಡಿದ. ಒಂದೂ ಫೋಟೋ ಇಲ್ಲ ಅಂತ ತೋರಿಸಿತು. ಇಳಿಸಿ, ಖಾಲಿ ಮಾಡಿಯೇ ಕೊಟ್ಟಿದ್ದಾರೆ ಅಂದುಕೊಂಡ. ದಿನಾ ಮಾಡುವ ಹಾಗೆ ಕಾರ್ಡನ್ನು ಪೂರ್ತಿ ಒರೆಸುವ ಫಾರ್ಮ್ಯಾಟ್ ಒತ್ತಿ, ಇಡೀ ಆರತಕ್ಷತೆಯನ್ನು ಅದರ ಮೇಲೆ ತೆಗೆದ. ಅವನದ್ದೇನೂ ತಪ್ಪಿಲ್ಲ. ಆ ಮಧ್ಯಾಹ್ನ ನಾನೂ ಛತ್ರದಿಂದ ರೇಷ್ಮೆ ಸೀರೆಯಲ್ಲೇ ಸ್ಟುಡಿಯೋಗೆ ಹೋಗಿ, ಬೇರೆ ಯಾರದೋ ಪಾಸ್‌ಪೋರ್ಟ್ ಫೋಟೋ ಮಾಡಿಕೊಟ್ಟು ಬಂದೆ. ಅಷ್ಟರಲ್ಲಿ ಪ್ರಿಂಟು ಕಟ್ಟು ಹಾಕಿಸಲು ಹೋಗಿತ್ತು. "ನಾನೇ ಶ್ರೀ ಹಾಕಿ ಇಳ್ಸಿಟ್ಟಿದೀನಿ ಶಾರದಮ್ಮ" ಅಂದರು ರುದ್ರಪ್ಪನವರು, ಬಹಳ ಖುಷಿಯಲ್ಲಿದ್ದರು.

ಮಾರನೆಯ ದಿನ ಆಲ್ಬಮ್ಮಿಗೆ ಕೂತರೆ ಕಂಪ್ಯೂಟರಿನಲ್ಲಿ ಮುಹೂರ್ತವೇ ಇಲ್ಲ. ಎಲ್ಲಿ ಹುಡುಕಿದರೂ ಇಲ್ಲ. ಮುನಿರಾಜುವನ್ನು ಕೇಳಿದೆ, ಕ್ಯಾಮೆರಾ ಖಾಲಿ ತೋರಿಸಿದ್ದನ್ನು ಹೇಳಿದ. ರುದ್ರಪ್ಪನವರನ್ನು ಕೇಳಿದೆ, ಹೇಗೆ ಹೆಸರು ಬದಲಾಯಿಸಿದೆ ಅಂತ ಅವರೇ ವಿವರಿಸಿದರು. ಏನಾಯಿತೆಂದು ಆಗ ಗೊತ್ತಾಯಿತು.

ಒಂದು ಸಾಫ್ಟ್‌ವೇರ್ ಹಾಕಿ ಆ ಕಾರ್ಡನ್ನು ಕೆದಕಿದೆ. ಮೇಲೆ ಬೇರೆ ಫೋಟೋ ಕೂತಿದ್ದರಿಂದ ಸಿಕ್ಕಿದ್ದು ಚೂರುಪಾರು. ಛತ್ರದ ತೋರಣ, ಪುರೋಹಿತರ ತಲೆ, ಸುಮಾಳ ಬಾಸಿಂಗ, ಅದರ ಕೆಳಗೆಲ್ಲ ಬೂದಿ ಬಣ್ಣ. ಒಂದರಲ್ಲಿ ಗಿರಿಜಕ್ಕನ ನೆತ್ತಿ ಇತ್ತು. ಕೈ ಇರಲಿಲ್ಲ, ನೀರು ಇರಲಿಲ್ಲ.

"ಸಾರ್, ನೀವು ಹೆಸರು ಬದಲಾಯಿಸಿದ್ದು ಕ್ಯಾಮೆರಾದೊಳಗೆ. ಅದಕ್ಕೇ ಅದು ಖಾಲಿ ಅಂತು. ಬೇಕಾದ್ರೆ ಈಗ್ಲೇ ಮಾಡಿ ತೋರಿಸ್ತೀನಿ" ಅಂದೆ.

ರುದ್ರಪ್ಪನವರು ನನ್ನ ಮುಖವನ್ನೇ ನೋಡಿದರು. "ಶ್ರೀಕಾರ ಹಾಕಿದ್ರಿಂದ ಮದುವೆ ಫೋಟೋ ಹೋಯ್ತು ಅಂತೀರಾ? ಇದು ಬಾಯಲ್ಲಿ ಆಡೋ ಮಾತಾ ಶಾರದಮ್ಮ?"

"ಶ್ರೀಕಾರದಿಂದ ಅಲ್ಲ ಸಾರ್, ಅದನ್ನ ಹಾಕಿದ ಜಾಗದಿಂದ."

"ಸಾಕು" ಅಂದು ಎದ್ದುಹೋದರು. ಆಮೇಲೆ ಆ ಕ್ಯಾಮೆರಾವನ್ನು ನನ್ನ ಕೈಗೆ ಕೊಡಲೇ ಇಲ್ಲ.

ಗಿರಿಜಕ್ಕ ಬಂದಾಗ ಕೌಂಟರಿನಲ್ಲಿ ನಿಂತು ರುದ್ರಪ್ಪನವರೇ ಮಾತಾಡಿದರು. "ನೋಡೀಮ್ಮಾ, ಕಂಪ್ಯೂಟರ್ ನೋಡ್ಕೊಳ್ಳೋದು ಶಾರದಮ್ಮ. ಅವತ್ತು ಮದುವೆ ಊಟ ಮಾಡ್ಕೊಂಡು ಅರ್ಜೆಂಟಲ್ಲಿ ಬಂದು ಕೂತ್ರು. ಕೈ ತಪ್ಪಿ ಅಳಿಸಿ ಹೋಗಿದೆ. ಬೇಕಂತ ಮಾಡಿದ್ದಲ್ಲ, ಬಯ್ಬೇಡಿ ಪಾಪ." ಫೋಟೋದ ಚಾರ್ಜ್ ಬೇಡ ಅಂತಲೂ ಹೇಳಿದರು. ಒಳಗೆ ಪರದೆಯ ಹಿಂದೆ ಕೂತಿದ್ದ ನಾನು ಹೊರಗೆ ಬಂದು, "ನಾನು ಅಳಿಸಿಲ್ಲ ಗಿರಿಜಕ್ಕ" ಅಂದೆ. ಗಿರಿಜಕ್ಕ ಬಯ್ಯಲಿಲ್ಲ. "ನಾನು ಧಾರೆ ಎರೆದಿದ್ದಕ್ಕೆ ಈಗ ಒಂದು ಫೋಟೋ ಇಲ್ಲ. ನಿನ್ನ ನಂಬಿ ಕೊಟ್ಟೆನಲ್ಲ ಶಾರದಾ" ಅಂದು ಮೆಟ್ಟಿಲಿಳಿದು ಹೋದರು. ಅವತ್ತಿನಿಂದ ಮಾತು ಬಿಟ್ಟರು. ತರಕಾರಿ ಗಾಡಿಯ ಹತ್ತಿರ ಎದುರಾದರೆ ಬದನೆಕಾಯಿ ಆರಿಸುವುದನ್ನು ಅರ್ಧಕ್ಕೆ ಬಿಟ್ಟು ನಡೆಯುತ್ತಿದ್ದರು.

ಮುನಿರಾಜುವನ್ನು ಬಂದು ಹೇಳು ಅಂತ ಕೇಳಿಕೊಂಡೆ. "ಅಕ್ಕ, ನಿಮ್ದು ತಪ್ಪಿಲ್ಲ ಅಂತ ನಂಗೊತ್ತು. ನಾನು ಬಾಯಿ ಬಿಟ್ರೆ ಫಾರ್ಮ್ಯಾಟ್ ಒತ್ತಿದೋನು ನೀನೇ ಅಂತ ನನ್ ತಲೆಗೆ ಕಟ್ತಾರೆ. ನಂಗೂ ಹೆಂಡ್ತಿ ಮಕ್ಳು ಇದಾರಕ್ಕ" ಅಂದ. ಸ್ವಲ್ಪ ದಿನಕ್ಕೆ ಬೇರೆ ಕಡೆ ಸೇರಿಕೊಂಡ. ನಾನು ಕೆಲಸ ಬಿಡಲಿಲ್ಲ. ಬಿಟ್ಟಿದ್ದರೆ ತಪ್ಪು ಮಾಡಿ ಓಡಿಹೋದಳು ಅನ್ನುತ್ತಿದ್ದರು. ಬಿಡದೆ ಇದ್ದದ್ದಕ್ಕೆ ತಪ್ಪು ಮಾಡಿದರೂ ಇಟ್ಟುಕೊಂಡಿದ್ದಾರೆ ಅಂದರು. ಹೊಸದಾಗಿ ಬರುವ ಗಿರಾಕಿಗಳು ಕೂಡ "ಇಳಿಸೋವಾಗ ಹುಷಾರು ಮೇಡಂ" ಅಂತ ನನ್ನನ್ನು ನೋಡಿ ನಗುತ್ತಿದ್ದರು. ಆ ನಗು ನನ್ನನ್ನು ಸುಟ್ಟಷ್ಟು ಬೇರೇನೂ ಸುಟ್ಟಿಲ್ಲ.

ರುದ್ರಪ್ಪನವರು ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ನಮ್ಮ ಮನೆಯವರು ಆಸ್ಪತ್ರೆಯಲ್ಲಿದ್ದಾಗ ಕೇಳದೆಯೇ ಬಂದು ನಿಂತವರು ಅವರು. ಅವರು ಸುಳ್ಳು ಹೇಳುತ್ತಲೂ ಇರಲಿಲ್ಲ, ಅದೇ ನನ್ನ ಕರ್ಮ. ಶ್ರೀಕಾರ ಹಾಕಿದ ಕೈಯಿಂದ ಕೆಡುಕಾಗುವುದು ಸಾಧ್ಯವೇ ಇಲ್ಲ ಅಂತ ಅವರು ಮನಸಾರೆ ನಂಬಿದ್ದರು. ಅವರಿಂದ ಆಗಿಲ್ಲ ಅಂದಮೇಲೆ ನನ್ನಿಂದಲೇ ಆಗಿರಬೇಕು. ಸುಳ್ಳು ಹೇಳುವವರ ಹತ್ತಿರ ಜಗಳ ಆಡಬಹುದು, ಇಂಥವರ ಹತ್ತಿರ ಏನು ಮಾಡುವುದು?

ವರ್ಷಗಳು ಹೋದವು. ರುದ್ರಪ್ಪನವರ ಮಗ ಕಿರಣ್ ಇಂಜಿನಿಯರಿಂಗ್ ಮುಗಿಸಿ ಬಂದು ಸ್ಟುಡಿಯೋ ನೋಡಿಕೊಳ್ಳತೊಡಗಿದ. ಹೊಸ ಕ್ಯಾಮೆರಾಗಳು ಹಳೆಯವುಗಳ ಹಾಗೆ ಡ್ರೈವಾಗಿ ಕೂರುತ್ತಿರಲಿಲ್ಲ. ಕಿರಣ್ ಕಂಪ್ಯೂಟರಿಗೆ ದುಡ್ಡು ಕೊಡದೆ ಸಿಗುವ ಬೇರೊಂದು ಸಿಸ್ಟಮ್ ಹಾಕಿ, ಎಂಥ ಕ್ಯಾಮೆರಾ ಚುಚ್ಚಿದರೂ ಫೋಲ್ಡರ್ ಆಗಿ ಕಾಣುವ ಹಾಗೆ ಒಂದು ಪ್ರೋಗ್ರಾಂ ಜೋಡಿಸಿದ.

"ನೋಡಿ ಆಂಟಿ, ಕ್ಯಾಮೆರಾನೇ ಒಂದು ಫೋಲ್ಡರ್. ಒಳಗಡೆ ಇರೋದೆಲ್ಲಾ ಸಿಗುತ್ತೆ" ಅಂದ.

"ಸಿಗೋದು ಸರಿ. ಬದಲಾಯಿಸೋಕೂ ಆಗುತ್ತಾ?"

"ಆಗುತ್ತೆ, ಫುಲ್ ಪರ್ಮಿಷನ್ ಕೊಟ್ಟಿದೀನಿ."

"ಅದು ಬೇಡಪ್ಪ. ನೋಡೋಕೆ, ಕಾಪಿ ಮಾಡೋಕೆ ಅಷ್ಟೇ ಇರ್ಲಿ. ಯಾರೂ ಅಲ್ಲಿ ಏನೂ ಬರೀಬಾರ್ದು, ಅಳಿಸ್ಬಾರ್ದು."

ಯಾಕೆ ಅಂತ ಕೇಳಿದ. ಬೀರುವಿನಲ್ಲಿ ಆ ಹಳೆಯ ಕ್ಯಾಮೆರಾ ಇತ್ತು. ಅವನ ಮುಂದೆಯೇ ನಾಲ್ಕು ಫೋಟೋ ತೆಗೆದು, ಹಳೆಯ ಕಂಪ್ಯೂಟರಿಗೆ ಚುಚ್ಚಿ, ಅದರ ಫೋಲ್ಡರಿಗೆ 'ಶ್ರೀ' ಅಂತ ಹೆಸರಿಟ್ಟು, ಕೇಬಲ್ ತೆಗೆದು ಅವನ ಕೈಗೆ ಕೊಟ್ಟೆ. ಕ್ಯಾಮೆರಾ ಖಾಲಿ ಅಂತು. ಮತ್ತೆ ಚುಚ್ಚಿ ಹಳೆಯ ಹೆಸರನ್ನೇ ಇಟ್ಟೆ. ನಾಲ್ಕೂ ಫೋಟೋ ಬಂದವು. ಕಿರಣ್ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟ.

"ಗಿರಿಜಾ ಆಂಟಿ ಮನೆ ಮದುವೆದು... ಅಪ್ಪನಾ?"

"ಹೌದು. ನನಗೇನೂ ಬೇಡ ಕಿರಣ್. ಒಂದ್ಸಲ ಅವರ ಮನೆಗೆ ಬಂದು ಇದನ್ನ ಹೇಳು, ಸಾಕು."

"ಹೇಳ್ತೀನಿ ಆಂಟಿ, ಖಂಡಿತ. ಅಪ್ಪಂಗೆ ಮಾತ್ರ ಈಗ ಗೊತ್ತಾಗೋದು ಬೇಡ, ಈ ವಯಸ್ಸಲ್ಲಿ ತಡ್ಕೊಳಲ್ಲ."

ಆ ವಾರ ಬರುತ್ತಾನೆ ಅಂದುಕೊಂಡೆ, ಮುಂದಿನ ವಾರ ಅಂದುಕೊಂಡೆ. ಆಮೇಲೆ ಅಂದುಕೊಳ್ಳುವುದನ್ನು ಬಿಟ್ಟೆ. ಕಂಪ್ಯೂಟರಿನಲ್ಲಿ ಮಾತ್ರ ನಾನು ಕೇಳಿದ ಹಾಗೆ ಮಾಡಿದ್ದ. ಅಲ್ಲಿಂದ ಮುಂದೆ ನಮ್ಮ ಸ್ಟುಡಿಯೋದಲ್ಲಿ ಯಾವ ಕ್ಯಾಮೆರಾದೊಳಗೂ ಯಾರೂ ಕೈಯಾಡಿಸಲು ಆಗಲಿಲ್ಲ. ನೀವು ಕೆಲಸಕ್ಕೆ ಸೇರುವ ಕಡೆಯೂ ಮೊದಲ ದಿನವೇ ಇದನ್ನು ಕೇಳಿ ಮಾಡಿಸಿಕೊಳ್ಳಿ. ಟಿಪ್ಸ್ ಕೇಳಿದಿರಲ್ಲ, ನನ್ನ ಹತ್ತಿರ ಇರುವುದು ಇದೊಂದೇ.

ಕೊನೆಕೊನೆಗೆ ಕ್ಯಾಮೆರಾಗಿಂತ ಫೋನೇ ಹೆಚ್ಚು ಬರುತ್ತಿತ್ತು. ಒಂದು ದಿನ ಊಟದ ಡೆಲಿವರಿ ಮಾಡುವ ಹುಡುಗ ಬಂದ, ಬಾಗಲಕೋಟೆ ಕಡೆಯವನು. "ಅಕ್ಕಾರ, ಫೋನ್ ಬಿದ್ದು ಟಚ್ ಹೋಗೇತ್ರಿ. ಒಳಗ ನಮ್ಮವ್ವನ ಫೋಟೋ ಅದಾವ. ಎಲ್ಲಿ ತೋರ್ಸಿದ್ರೂ ಏನೂ ಇಲ್ಲ ಅಂತಾರ್ರೀ" ಅಂದ. ಒಳಗೇ ಇರುತ್ತೆ, ಕೂತ್ಕೋ ಅಂದೆ. ಕೇಬಲ್ ಚುಚ್ಚಿದರೆ ಫೋಲ್ಡರು ಬರುತ್ತಿತ್ತು, ಒಳಗೆ ಖಾಲಿ. ಫೋನು ಒಳಗೆ ಬಿಡಲು ಅನುಮತಿ ಕೇಳುತ್ತಿತ್ತು, ಒತ್ತಲು ಬೆರಳು ಕೆಲಸ ಮಾಡುತ್ತಿರಲಿಲ್ಲ, ಅಷ್ಟೆ. ಫೋನಿಗೇ ಒಂದು ಮೌಸ್ ಸಿಕ್ಕಿಸಿ, ಬೀಗ ತೆಗೆದು, ಸೆಟ್ಟಿಂಗಿನಲ್ಲಿ ಅನುಮತಿ ಕೊಟ್ಟು, ಮತ್ತೆ ಚುಚ್ಚಿದೆ. ಕಂಪ್ಯೂಟರಿನಲ್ಲಿ ಅವನ ಅವ್ವ ಬಂದರು, ರೊಟ್ಟಿ ತಟ್ಟುತ್ತಾ ಕೂತಿದ್ದರು. "ಒಳಗೆ ಇದೆ ಅಂತ ನಾನು ಹೇಳಿದಾಗ ನಂಬಿದ್ಯಾ?" ಅಂತ ಕೇಳಿದೆ. "ನಂಬದೇ ಏನ್ರೀ ಅಕ್ಕಾರ, ನೀವು ಹೇಳಿದ್ರಲ್ಲ" ಅಂದ. ಅವನು ಹೋದ ಮೇಲೆ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ನಾನು ನಿವೃತ್ತಿ ಆಗುವ ದಿನ ಸ್ಟುಡಿಯೋದಲ್ಲೇ ಕುರ್ಚಿ ಹಾಕಿ ಚಿಕ್ಕ ಸಮಾರಂಭ ಮಾಡಿದರು. ನೋಡಿದರೆ ಹಿಂದಿನ ಸಾಲಿನಲ್ಲಿ ಗಿರಿಜಕ್ಕ ಕೂತಿದ್ದಾರೆ. "ನಾನೇ ಹೋಗಿ ಕರೆದೆ ಆಂಟಿ" ಅಂದ ಕಿರಣ್. ಇವತ್ತು ಹೇಳುತ್ತಾನೆ, ಎಲ್ಲರ ಮುಂದೆ ಹೇಳುತ್ತಾನೆ ಅಂದುಕೊಂಡೆ.

ರುದ್ರಪ್ಪನವರು ಕೋಲೂರಿಕೊಂಡು ಎದ್ದರು. ನನ್ನ ಬಗ್ಗೆ ತುಂಬ ಒಳ್ಳೆಯ ಮಾತಾಡಿದರು. ಕೊನೆಗೆ, "ಮನುಷ್ಯರು ಅಂದ್ಮೇಲೆ ತಪ್ಪು ಆಗುತ್ತೆ. ಶಾರದಮ್ಮನಿಂದಾನೂ ಒಂದೇ ಒಂದು ಮದುವೆ ಅಳಿಸಿಹೋಯ್ತು. ಅವತ್ತೇ ಕ್ಷಮಿಸಿಬಿಟ್ಟೆ ನಾನು. ಇವತ್ತು ಆ ಮನೆಯವ್ರೂ ಬಂದಿದಾರೆ, ಅವ್ರೂ ಕ್ಷಮಿಸ್ಲಿ ಅಂತ ಕೇಳ್ಕೊತೀನಿ" ಅಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕಿರಣನನ್ನು ನೋಡಿದೆ. ಅವನು ತಲೆ ಬಗ್ಗಿಸಿ ಫೋನ್ ನೋಡುತ್ತಿದ್ದ.

ಶಾಲು ಹೊದಿಸಿದ ಮೇಲೆ ಗಿರಿಜಕ್ಕ ಮುಂದೆ ಬಂದರು. ತುಂಬ ಸೊರಗಿದ್ದರು. ನನ್ನ ಎರಡೂ ಕೈ ಹಿಡಿದುಕೊಂಡು, "ಇಷ್ಟು ವರ್ಷ ಮಾತು ಬಿಟ್ಟಿದ್ದು ನಂದೇ ಹೆಚ್ಚಾಯ್ತು ಶಾರದಾ. ನೀನೇನು ಬೇಕಂತ ಅಳಿಸಿದ್ಯಾ? ಕೈ ತಪ್ಪಿದ್ದು. ಬಿಟ್ಟಾಕಿದೀನಿ ಕಣೇ, ನೀನೂ ಬಿಟ್ಟಾಕು" ಅಂದರು.

ಅವರ ಕೈ ಬೆಚ್ಚಗಿತ್ತು. ಇಲ್ಲ ಅಂದರೆ ಆ ಕೈ ಹಿಂದಕ್ಕೆ ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ಹೂಂ ಅಂದೆ.

ಈಗ ಗಿರಿಜಕ್ಕ ಸಂಜೆ ಬರುತ್ತಾರೆ. ಕಾಫಿ ಕುಡಿಯುತ್ತೇವೆ, ಸುಮಾಳ ಮಕ್ಕಳ ವಿಷಯ ಮಾತಾಡುತ್ತೇವೆ. ಒಂದು ಸಲವಂತೂ, "ಕ್ಷಮಿಸಿದ್ ಮೇಲೆ ನಂಗೂ ಎಷ್ಟು ಹಗುರ ಆಯ್ತು ಗೊತ್ತಾ" ಅಂದರು. ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ. ಮಾಡದ ತಪ್ಪಿಗೆ ಬೈಸಿಕೊಂಡು ಬದುಕಬಹುದು, ಬದುಕಿದ್ದೇನೆ. ಮಾಡದ ತಪ್ಪಿಗೆ ಕ್ಷಮೆ ಪಡೆದು ದಿನಾ ಸಂಜೆ ಅದರ ಎದುರು ಕೂರುವುದು ನನ್ನಿಂದ ಆಗುತ್ತಿಲ್ಲ.

ಇದು ಪತ್ರಿಕೆಯಲ್ಲಿ ಅಚ್ಚಾಗಿ ಬಂದ ದಿನ ಒಂದು ಪ್ರತಿಯನ್ನು ನಾನೇ ತೆಗೆದುಕೊಂಡು ಹೋಗಿ ಗಿರಿಜಕ್ಕನ ಕೈಗೆ ಕೊಡುತ್ತೇನೆ. ಓದಿದ ಮೇಲೆ ಅವರು ಸಂಜೆ ಬರದೆ ಹೋಗಬಹುದು. ಎರಡು ಲೋಟ ಕಾಫಿ ಮಾಡಿಟ್ಟುಕೊಂಡೇ ಕಾಯುತ್ತೇನೆ.